ಜಡ್ಜೋ, ರಾಲೀಯೋ? ಪ್ಲೇಆಫ್ ಪೈಪೋಟಿಯಲ್ಲಿ ಆಟಗಾರನ ಬೆಲೆ ಕಟ್ಟುವ ಬಗೆ

ಪ್ರಶ್ನೆ: ಸಿಯಾಟಲ್ ಪಕ್ಕದ ರೆಡ್ಮಂಡ್‌ನಲ್ಲಿದ್ದೇವೆ. ಕ್ರಿಕೆಟ್ ನೋಡಿ ಬೆಳೆದವನಿಗೆ ಮಕ್ಕಳ ದೆಸೆಯಿಂದ ಬೇಸ್‌ಬಾಲ್ ಹುಚ್ಚು ಹತ್ತಿದೆ. 2025ರಲ್ಲಿ ನಮ್ಮ ಮ್ಯಾರಿನರ್ಸ್ ತಂಡದ ಕ್ಯಾಚರ್ ಕ್ಯಾಲ್ ರಾಲೀ 60 ಹೋಮ್ ರನ್ ಹೊಡೆದ, 2001ರ ನಂತರ ಮೊದಲ ಸಲ ತಂಡ ವಿಭಾಗ ಗೆದ್ದಿತು. ಆದರೂ ಅಮೆರಿಕನ್ ಲೀಗಿನ ಎಂವಿಪಿ (ಅತ್ಯಂತ ಬೆಲೆಯುಳ್ಳ ಆಟಗಾರ) ಪ್ರಶಸ್ತಿ ಯಾಂಕೀಸ್‌ನ ಏರನ್ ಜಡ್ಜ್‌ಗೆ ಹೋಯಿತು. ನ್ಯೂಜೆರ್ಸಿಯಲ್ಲಿರುವ ಭಾವಮೈದ "ವಾರ್ ಅಂಕಿ ನೋಡು, ಮಾತು ಮುಗೀತು" ಅನ್ನುತ್ತಾನೆ (ವಾರ್ ಅಂದರೆ ಬದಲಿ ಆಟಗಾರನಿಗಿಂತ ಎಷ್ಟು ಗೆಲುವು ಹೆಚ್ಚು ತಂದ ಅನ್ನುವ ಅಂದಾಜು). "ರಾಲೀ ಇಲ್ಲದಿದ್ದರೆ ನಾವು ಪ್ಲೇಆಫ್ ಮುಖವನ್ನೇ ನೋಡುತ್ತಿರಲಿಲ್ಲ" ಅನ್ನುವುದು ನನ್ನ ವಾದ. ಯಾರದ್ದು ಸರಿ? ಮುಂದಿನ ಸೆಪ್ಟೆಂಬರ್‌ನಲ್ಲಿ ಮತ್ತೆ ಈ ಜಗಳ ಬಂದೇ ಬರುತ್ತದೆ. ಲೆಕ್ಕ ನಾವೇ ಹಾಕಬಹುದೇ?

ಉತ್ತರ:

ಮೊದಲು ತೀರ್ಪು ಹೇಳಿಬಿಡುತ್ತೇನೆ. ಕೈಯಲ್ಲಿ ಮತಪತ್ರ ಇದ್ದಿದ್ದರೆ ನಾನು ಜಡ್ಜ್ ಹೆಸರನ್ನೇ ಮೇಲೆ ಬರೆಯುತ್ತಿದ್ದೆ. ಹಾಗಂತ ರಾಲೀಗೆ ಮತ ಕೊಟ್ಟವರನ್ನು ಭಾವುಕರು ಎಂದು ತಳ್ಳಿಹಾಕುವಷ್ಟು ಅಂತರ ಅಲ್ಲಿಲ್ಲ. ಮತ ಹಾಕಿದ 30 ಪತ್ರಕರ್ತರೇ ಇಬ್ಭಾಗವಾಗಿದ್ದರು. 17 ಮಂದಿ ಜಡ್ಜ್‌ಗೆ ಮೊದಲ ಸ್ಥಾನ ಕೊಟ್ಟರು, 13 ಮಂದಿ ರಾಲೀಗೆ. ಮೊದಲ ಸ್ಥಾನಕ್ಕೆ 14 ಅಂಕ, ಎರಡನೆಯದಕ್ಕೆ 9. ಜಡ್ಜ್‌ಗೆ 17×14 ಮತ್ತು 13×9 ಸೇರಿ 355, ರಾಲೀಗೆ 13×14 ಮತ್ತು 17×9 ಸೇರಿ 335. ಜಡ್ಜ್ ಕಡೆಯ ಇಬ್ಬರು ಮನಸ್ಸು ಬದಲಿಸಿದ್ದರೆ 345–345 ಆಗಿ ಇಬ್ಬರೂ ಹಂಚಿಕೊಳ್ಳಬೇಕಾಗುತ್ತಿತ್ತು. ನಿಮ್ಮ ಭಾವಮೈದ ಹೇಳುವಂತೆ ಮಾತು ಮುಗಿಯುವ ಸಂಗತಿ ಇದಲ್ಲ.

ನಿಮ್ಮಿಬ್ಬರ ಜಗಳ ಬಗೆಹರಿಯದಿರುವುದಕ್ಕೆ ಕಾರಣ, ನೀವು ಒಂದೇ ಪ್ರಶ್ನೆಗೆ ಉತ್ತರಿಸುತ್ತಿಲ್ಲ. ಆಟಗಾರ ಇಡೀ ಋತುವಿನಲ್ಲಿ ಎಷ್ಟು ದುಡಿದ ಅನ್ನುವುದು ಅವನ ಪ್ರಶ್ನೆ. ಆ ದುಡಿಮೆ ತಂಡಕ್ಕೆ ಎಂಥ ಹೊತ್ತಿನಲ್ಲಿ ಒದಗಿತು ಅನ್ನುವುದು ನಿಮ್ಮದು. ಎರಡೂ ನ್ಯಾಯವಾದ ಪ್ರಶ್ನೆಗಳೇ. ಪ್ರಶಸ್ತಿಯ ಮತಪತ್ರದಲ್ಲಿ 1931ರಿಂದ ಬದಲಾಗದೆ ಬಂದಿರುವ ಸೂಚನೆಗಳಿವೆ. ಅವುಗಳಲ್ಲಿ ಮೊದಲನೆಯದು: ಆಟಗಾರ ತನ್ನ ತಂಡಕ್ಕೆ ತಂದ ನಿಜವಾದ ಬೆಲೆ, ಅಂದರೆ ಬ್ಯಾಟಿಂಗ್ ಮತ್ತು ರಕ್ಷಣೆಯ ಬಲ. ಎರಡನೆಯದು ಆಡಿದ ಪಂದ್ಯಗಳ ಸಂಖ್ಯೆ. ಎಂವಿಪಿ ಆಗುವವನ ತಂಡ ಪ್ಲೇಆಫ್‌ಗೆ ಬಂದಿರಲೇಬೇಕು ಅಂತಿಲ್ಲ ಎಂದೂ ಅದರಲ್ಲಿ ಸ್ಪಷ್ಟವಾಗಿ ಬರೆದಿದೆ. "ಅತ್ಯಂತ ಬೆಲೆಯುಳ್ಳ" ಅಂದರೇನು ಅನ್ನುವುದನ್ನು ಮಾತ್ರ ಮತದಾರನ ವಿವೇಚನೆಗೇ ಬಿಟ್ಟಿದ್ದಾರೆ. ವರ್ಷವರ್ಷವೂ ಜಗಳ ಹುಟ್ಟುವುದು ಆ ಖಾಲಿ ಜಾಗದಲ್ಲೇ.

ಮೊದಲು ದುಡಿಮೆಯ ಲೆಕ್ಕ. ಇದಕ್ಕೆ ಕಂಪ್ಯೂಟರ್ ಬೇಡ, ಒಂದು ಹಾಳೆ ಸಾಕು.

ಬ್ಯಾಟಿಂಗ್ ಸರಾಸರಿ, ಆರ್‌ಬಿಐ ಇವೆರಡನ್ನೂ ಪಕ್ಕಕ್ಕಿಡಿ. ಸರಾಸರಿಯಲ್ಲಿ ಸಿಂಗಲ್ಲೂ ಒಂದೇ, ಹೋಮ್ ರನ್ನೂ ಒಂದೇ. ವಾಕ್, ಅಂದರೆ ನಾಲ್ಕು ಕೆಟ್ಟ ಎಸೆತಕ್ಕೆ ಪುಕ್ಕಟೆ ಸಿಗುವ ಮೊದಲ ಬೇಸ್, ಲೆಕ್ಕಕ್ಕೇ ಇಲ್ಲ. ಆರ್‌ಬಿಐ ಅಂದರೆ ಬ್ಯಾಟರ್‌ನ ಹೊಡೆತದಿಂದ ಬಂದ ರನ್‌ಗಳ ಎಣಿಕೆ, ಮುಂದಿನವರು ಬೇಸ್ ಮೇಲೆ ನಿಂತಿದ್ದಷ್ಟೂ ಏರುವ ಸಂಖ್ಯೆ, ಅರ್ಧ ಪಾಲು ಸಹ ಆಟಗಾರರದ್ದು. ಇವುಗಳ ಬದಲು ಪ್ಲೇಟ್‌ಗೆ ಬಂದ ಒಟ್ಟು ಸರದಿಗಳನ್ನು ತೆಗೆದುಕೊಂಡು, ಪ್ರತಿ ಸರದಿಯ ಫಲಕ್ಕೂ ರನ್‌ಗಳ ತೂಕ ಹಾಕಬೇಕು. ಸಾವಿರಾರು ಪಂದ್ಯಗಳ ಲೆಕ್ಕದಿಂದ ಬಂದಿರುವ ತೂಕಗಳು ಸರಿಸುಮಾರು ಹೀಗಿವೆ: ಸಿಂಗಲ್‌ಗೆ 0.47, ಡಬಲ್‌ಗೆ 0.77, ಟ್ರಿಪಲ್‌ಗೆ 1.05, ಹೋಮ್ ರನ್‌ಗೆ 1.4, ವಾಕ್‌ಗೆ 0.31, ಚೆಂಡು ಮೈಗೆ ಬಿದ್ದು ಬೇಸ್ ಸಿಕ್ಕರೆ 0.33. ಔಟಾದರೆ 0.27 ಕಳೆಯಬೇಕು. ಹೋಮ್ ರನ್‌ನಲ್ಲಿ ಒಂದರಿಂದ ನಾಲ್ಕು ರನ್ ಬರುತ್ತದಲ್ಲ, ಮತ್ತೆ 1.4 ಮಾತ್ರವೇ ಯಾಕೆ ಎಂದು ಕೇಳುವವರಿದ್ದಾರೆ. ಬೇಸ್ ಮೇಲೆ ಯಾರೂ ಇಲ್ಲದಾಗ ಹೊಡೆದದ್ದೂ ಮೂವರಿದ್ದಾಗ ಹೊಡೆದದ್ದೂ ಸೇರಿದ ಸರಾಸರಿ ಅದು. ಬೇಸ್ ಮೇಲಿದ್ದವರಲ್ಲಿ ಕೆಲವರು ಹೇಗಿದ್ದರೂ ಮನೆ ಸೇರುತ್ತಿದ್ದರು, ಅವರ ಪಾಲನ್ನು ಬಿಟ್ಟು ಉಳಿದದ್ದು ಈ ಅಂಕಿ.

ಈಗ ಜಡ್ಜ್. 679 ಸರದಿ, 179 ಹಿಟ್. ಅದರಲ್ಲಿ 30 ಡಬಲ್, 2 ಟ್ರಿಪಲ್, 53 ಹೋಮ್ ರನ್, ಉಳಿದ 94 ಸಿಂಗಲ್. 124 ವಾಕ್, 7 ಸಲ ಚೆಂಡು ಮೈಗೆ. ಬೇಸ್ ಮುಟ್ಟಿದ್ದು ಒಟ್ಟು 310 ಸಲ, ಮುಟ್ಟದೇ ಹೋದದ್ದು 369 ಸಲ. ತೂಕ ಹಾಕಿ ಕೂಡಿದರೆ ಲೀಗಿನ ಸಾಧಾರಣ ಬ್ಯಾಟರ್‌ಗಿಂತ ಸುಮಾರು 85 ರನ್ ಹೆಚ್ಚು.

ರಾಲೀ: 705 ಸರದಿ, 147 ಹಿಟ್, 63 ಸಿಂಗಲ್, 24 ಡಬಲ್, 60 ಹೋಮ್ ರನ್. 97 ವಾಕ್, 9 ಸಲ ಮೈಗೆ. ಬೇಸ್ ಮುಟ್ಟಿದ್ದು 253, ಮುಟ್ಟದ್ದು 452. ಕೂಡಿದರೆ ಸುಮಾರು 43 ರನ್ ಹೆಚ್ಚು.

ನಿಮ್ಮ ಕಡೆಯವರು ಎಡವುವುದು ಇಲ್ಲೇ. 60 ದೊಡ್ಡದು, 53 ಚಿಕ್ಕದು ಎಂದು ಕಣ್ಣು ಹೋಮ್ ರನ್ ಸಾಲಿನಲ್ಲೇ ನಿಂತುಬಿಡುತ್ತದೆ. ಆ 7 ಹೋಮ್ ರನ್‌ಗಳಿಂದ ರಾಲೀಗೆ ಸಿಕ್ಕ ಮುನ್ನಡೆ ಸುಮಾರು 10 ರನ್. ಆದರೆ ಅವರು ಜಡ್ಜ್‌ಗಿಂತ 83 ಸಲ ಹೆಚ್ಚು ಬರಿಗೈಯಲ್ಲಿ ಮರಳಿದರು. ಒಂದೊಂದು ಔಟ್‌ಗೂ 0.27 ಅಂದರೆ 22 ರನ್ ಹೋಯಿತು. ಅದರ ಮೇಲೆ ಜಡ್ಜ್‌ಗೆ 31 ಸಿಂಗಲ್, 27 ವಾಕ್ ಹೆಚ್ಚು. ಬೇಸ್‌ಬಾಲ್‌ನಲ್ಲಿ ತಂಡಕ್ಕೆ ಸಿಗುವ ಬಂಡವಾಳ ಒಂದು ಪಂದ್ಯಕ್ಕೆ 27 ಔಟ್, ಅಷ್ಟೇ. ಓವರು ಮುಗಿದವು ಅನ್ನುವ ಮಾತು ಇಲ್ಲಿಲ್ಲ, ಔಟು ಮುಗಿಯುವತನಕ ಆಟ. ಹಾಗಾಗಿ ಔಟಾಗದೇ ಇರುವುದಕ್ಕೆ ಕ್ರಿಕೆಟ್ಟಿನ ಸೀಮಿತ ಓವರ್ ಆಟಕ್ಕಿಂತ ಬಹಳ ಹೆಚ್ಚು ಬೆಲೆ. ಟೆಸ್ಟ್ ಪಂದ್ಯದ ಲೆಕ್ಕಾಚಾರಕ್ಕೆ ಇದು ಹತ್ತಿರ.

ಆದರೆ 85ಕ್ಕೆ 43 ಅನ್ನುವಲ್ಲಿಗೇ ನಿಲ್ಲಿಸಿದರೆ ಅದು ರಾಲೀಗೆ ಮಾಡುವ ಅನ್ಯಾಯ.

ಮೊದಲನೆಯದು ಮೈದಾನ. ಸಿಯಾಟಲ್‌ನ ಟಿ-ಮೊಬೈಲ್ ಪಾರ್ಕ್ ಇವತ್ತಿನ ಮೈದಾನಗಳಲ್ಲಿ ಬ್ಯಾಟರ್‌ಗಳಿಗೆ ಅತ್ಯಂತ ಕಷ್ಟದ್ದು. ಸಮುದ್ರದ ಕಡೆಯ ತಣ್ಣನೆಯ, ದಟ್ಟ ಗಾಳಿಯಲ್ಲಿ ಚೆಂಡು ದೂರ ಹೋಗುವುದಿಲ್ಲ. ಅರ್ಧ ಪಂದ್ಯಗಳನ್ನು ಅಲ್ಲಿ ಆಡಿದವನಿಗೆ ಋತುವಿಗೆ 5ರಿಂದ 10 ರನ್ ಸೇರಿಸಿ ಕೊಡುವುದು ನ್ಯಾಯ. 43 ಅನ್ನುವುದನ್ನು 50 ಎಂದುಕೊಳ್ಳೋಣ. ಅಂತರ 35ಕ್ಕೆ ಇಳಿಯಿತು.

ಎರಡನೆಯದು ನಿಲ್ಲುವ ಜಾಗ. ಇದೇ ಈ ವಾದದ ತಿರುಳು, ಕ್ರಿಕೆಟ್ ಬಲ್ಲ ಕನ್ನಡಿಗನಿಗೆ ಇದನ್ನು ಉದ್ದಕ್ಕೆ ವಿವರಿಸಬೇಕಾಗಿಲ್ಲ. 2003ರ ವಿಶ್ವಕಪ್ ನೆನಪಿಸಿಕೊಳ್ಳಿ. ರಾಹುಲ್ ದ್ರಾವಿಡ್ ಕೀಪಿಂಗ್ ಕೈಗವಸು ತೊಟ್ಟರು. ಅದರಿಂದ ಭಾರತ ಏಳು ಮಂದಿ ಬ್ಯಾಟ್ಸ್‌ಮನ್‌ಗಳನ್ನು ಆಡಿಸಬಹುದಾಯಿತು. ಆ ಏಳನೆಯವನ ರನ್ನು ಅವನ ಹೆಸರಿನಲ್ಲೇ ಬರೆಯಲ್ಪಡುತ್ತದೆ, ಸ್ಕೋರ್‌ಕಾರ್ಡಿನಲ್ಲಿ ದ್ರಾವಿಡ್ ಹೆಸರಿಗೆ ಒಂದೂ ಬರುವುದಿಲ್ಲ. ಆದರೆ ಅವನಿಗೆ ಜಾಗ ಮಾಡಿಕೊಟ್ಟದ್ದು ದ್ರಾವಿಡ್ ಅವರ ಕೈಗವಸು. ಬೇಸ್‌ಬಾಲ್ ಕ್ಯಾಚರ್ ವಿಚಾರವೂ ಇಷ್ಟೇ. ಬೇರೆ ತಂಡಗಳು ಆ ಜಾಗಕ್ಕೆ ಬ್ಯಾಟ್ ಬೀಸಲು ಬಾರದವನನ್ನೂ ಸಹಿಸಿಕೊಳ್ಳುತ್ತವೆ, ಯಾಕೆಂದರೆ ಆ ಕೆಲಸ ಬಲ್ಲವರೇ ಕಡಿಮೆ. ಅಲ್ಲಿ ನಿಂತು 60 ಹೋಮ್ ರನ್ ಹೊಡೆಯುವವನಿದ್ದರೆ ತಂಡಕ್ಕೆ ಒಬ್ಬ ಬ್ಯಾಟರ್ ಪುಕ್ಕಟೆ ಸಿಕ್ಕಂತೆ.

ಈ ಪುಕ್ಕಟೆಗೂ ಒಂದು ದರವಿದೆ. ಬಳಕೆಯಲ್ಲಿರುವ ಲೆಕ್ಕದಂತೆ 162 ಪಂದ್ಯಗಳಿಗೆ ಕ್ಯಾಚರ್‌ಗೆ 12.5 ರನ್ ಕೂಡಬೇಕು, ಶಾರ್ಟ್‌ಸ್ಟಾಪ್‌ಗೆ 7.5, ಎರಡನೇ ಬೇಸ್, ಮೂರನೇ ಬೇಸ್, ಸೆಂಟರ್ ಫೀಲ್ಡ್‌ಗೆ 2.5. ಎಡ-ಬಲದ ಔಟ್‌ಫೀಲ್ಡರ್‌ಗೆ 7.5 ಕಳೆಯಬೇಕು, ಮೊದಲ ಬೇಸ್‌ಗೆ 12.5, ಬರೀ ಬ್ಯಾಟ್ ಮಾಡಿ ಬೆಂಚಿನಲ್ಲಿ ಕೂರುವ ಡಿಎಚ್‌ಗೆ 17.5. ರಾಲೀ ಆಡಿದ್ದು 159 ಪಂದ್ಯ, ಸುಮಾರು 120ರಲ್ಲಿ ಕ್ಯಾಚರ್, ಉಳಿದವುಗಳಲ್ಲಿ ಹೆಚ್ಚುಕಡಿಮೆ ಡಿಎಚ್. ಕ್ಯಾಚರ್ ಪಾಲಿಗೆ 9 ರನ್ ಬಂತು, ಡಿಎಚ್ ಪಾಲಿಗೆ 4 ಹೋಯಿತು, ಉಳಿದದ್ದು 5. ಜಡ್ಜ್ 152 ಪಂದ್ಯ. ಜುಲೈ ಕೊನೆಗೆ ಮೊಣಕೈ ಸ್ನಾಯು ಎಳೆದುಕೊಂಡ ಮೇಲೆ ಆಗಸ್ಟ್ ಪೂರ್ತಿ ಡಿಎಚ್ ಆಗಿಯೇ ಆಡಿದರು. ಒಟ್ಟಾರೆ ಐದರಲ್ಲಿ ಮೂರು ಪಾಲು ಬಲ ಔಟ್‌ಫೀಲ್ಡ್, ಎರಡು ಪಾಲು ಡಿಎಚ್. ಎರಡೂ ಕಳೆಯುವ ಬಾಬ್ತೇ, ಸುಮಾರು 10 ರನ್. ಇಬ್ಬರ ನಡುವೆ 15 ರನ್ ಸರಿದೂಗಿತು. ಅಂತರ ಈಗ 20.

ಮೂರನೆಯದು, ಟಿವಿಯಲ್ಲಿ ಕಂಡೂ ಕಾಣದ ಕೆಲಸ: ಫ್ರೇಮಿಂಗ್. ಬ್ಯಾಟರ್ ಆಡದೆ ಬಿಟ್ಟ ಎಸೆತ ಚೌಕಟ್ಟಿನೊಳಗಿದ್ದರೆ ಸ್ಟ್ರೈಕ್, ಹೊರಗಿದ್ದರೆ ಬಾಲ್; ಅಂಚಿನ ಎಸೆತವನ್ನು ಅಂಪೈರ್ ಸ್ಟ್ರೈಕ್ ಅನ್ನುವಂತೆ ಹಿಡಿಯುವ ಕಲೆ ಇದು. ಮುಂದಿನ ಸಲ ರಾಲೀ ಕೂತಿರುವಾಗ ಚೆಂಡನ್ನು ಬಿಟ್ಟು ಅವರ ಎಡಗೈಯನ್ನೇ ನೋಡಿ. ಪಿಚರ್ ಕೈಯೆತ್ತುವಾಗ ಗ್ಲವ್ ನೆಲಕ್ಕೆ ತಾಗುವಷ್ಟು ಕೆಳಗಿಳಿದಿರುತ್ತದೆ. ಮಂಡಿಯ ಕೆಳಗೆ ಬಂದ ಚೆಂಡನ್ನು ಕೆಳಗಿನಿಂದ ಮೇಲಕ್ಕೆ ಬರುವ ಗ್ಲವ್ ಹಿಡಿಯುತ್ತದೆ, ಹಿಡಿದ ಕ್ಷಣ ಸ್ಟ್ರೈಕ್ ಚೌಕಟ್ಟಿನ ಅಂಚಿನಲ್ಲಿ ತಟಸ್ಥವಾಗಿ ನಿಲ್ಲುತ್ತದೆ. ಕೈ ಮೇಲಿಂದ ಕೆಳಗಿಳಿದು ಹಿಡಿದಿದ್ದರೆ ಅದೇ ಚೆಂಡು ಬಾಲ್ ಅನ್ನಿಸಿಕೊಳ್ಳುತ್ತಿತ್ತು. ಬಾಲ್ ಆಗಬೇಕಾದದ್ದು ಸ್ಟ್ರೈಕ್ ಆದರೆ ಎದುರಾಳಿಯಿಂದ ಕಿತ್ತುಕೊಂಡದ್ದು ಸರಾಸರಿ 0.125 ರನ್. ಎಂಟು ಸ್ಟ್ರೈಕ್‌ಗೆ ಒಂದು ರನ್, 80 ಸ್ಟ್ರೈಕ್‌ಗೆ 10 ರನ್. ಒಂದು ರಾತ್ರಿಗೆ ಹತ್ತಾರು ಚೆಂಡು ಹಿಡಿಯುವ ಮನುಷ್ಯನಿಗೆ ಎರಡು ಪಂದ್ಯಕ್ಕೊಂದು ಹೆಚ್ಚುವರಿ ಸ್ಟ್ರೈಕ್ ಗಿಟ್ಟಿದರೂ ಋತುವಿಗೆ 60 ಆಯಿತು. ರಾಲೀ ಇದರಲ್ಲಿ ಪಳಗಿದವರು. 2024ರಲ್ಲಿ ಅಮೆರಿಕನ್ ಲೀಗಿನ ಅತ್ಯುತ್ತಮ ಫೀಲ್ಡರ್‌ಗೆ ಕೊಡುವ ಪ್ಲಾಟಿನಂ ಗ್ಲವ್ ಅವರಿಗೇ ಬಂದದ್ದು.

ನಿಮ್ಮ ಭಾವಮೈದನ ವಾರ್ ಅಂಕಿ ಇಲ್ಲೇ ಎರಡು ದಾರಿ ಹಿಡಿಯುತ್ತದೆ. ವಾರ್ ಲೆಕ್ಕ ಹಾಕುವ ಎರಡು ಜಾಲತಾಣಗಳಲ್ಲಿ ಫ್ಯಾನ್‌ಗ್ರಾಫ್ಸ್ ಲೆಕ್ಕದಲ್ಲಿ ಫ್ರೇಮಿಂಗ್ ಸೇರಿದೆ, ಬೇಸ್‌ಬಾಲ್ ರೆಫರೆನ್ಸ್ ಲೆಕ್ಕದಲ್ಲಿ ಇಲ್ಲ. ಹಾಗಾಗಿ ಒಂದರ ಪ್ರಕಾರ ಜಡ್ಜ್ ಸುಮಾರು 10, ರಾಲೀ ಸುಮಾರು 9. ಇನ್ನೊಂದರ ಪ್ರಕಾರ ಅಂತರ 2ನ್ನೂ ದಾಟುತ್ತದೆ. "ವಾರ್ ನೋಡು" ಅನ್ನುವವನನ್ನು ಯಾವ ವಾರ್ ಎಂದು ಕೇಳಲೇಬೇಕು. ಕ್ಯಾಚರ್‌ನ ವಿಷಯದಲ್ಲಂತೂ ಫ್ರೇಮಿಂಗ್ ಬಿಟ್ಟ ಲೆಕ್ಕವನ್ನು ನಾನು ಒಪ್ಪುವುದಿಲ್ಲ. ಬೌಲರ್ ಎಕಾನಮಿ ಹೇಳಿ ವಿಕೆಟ್ ಬಿಟ್ಟಂತೆ ಅದು.

ವಾರ್ ಅಂದರೆ ಇಷ್ಟೇ: ಮೇಲಿನ ರನ್‌ಗಳನ್ನೆಲ್ಲ ಕೂಡಿ, ಅದಕ್ಕೆ 600 ಸರದಿಗೆ ಸುಮಾರು 20ರಂತೆ ಸೇರಿಸಿ, ಸರಿಸುಮಾರು 10 ರನ್‌ಗೆ ಒಂದು ಗೆಲುವು ಎಂದು ಭಾಗಿಸುವುದು. ಆ 20 ಯಾಕೆಂದರೆ, ತಾರೆ ಗಾಯಗೊಂಡಾಗ ಅವನ ಜಾಗಕ್ಕೆ ಬರುವವನು ಲೀಗಿನ ಸಾಧಾರಣ ಆಟಗಾರನಲ್ಲ, ಕೆಳ ಲೀಗಿನಿಂದ ಕನಿಷ್ಠ ಸಂಬಳಕ್ಕೆ ಕರೆತಂದ ಬದಲಿ ಆಟಗಾರ. ಅಂಥವರೇ ತುಂಬಿದ ತಂಡ 162ರಲ್ಲಿ 48 ಪಂದ್ಯ ಗೆದ್ದೀತು ಎಂದು ಎರಡೂ ತಾಣಗಳು ಒಪ್ಪಿಕೊಂಡಿವೆ. ಜಡ್ಜ್, ರಾಲೀ ಇಬ್ಬರ ಸರದಿಗಳೂ ಹೆಚ್ಚುಕಡಿಮೆ ಸಮ, ಆದ್ದರಿಂದ ಇವರ ನಡುವೆ ಈ ಬಾಬ್ತು ವ್ಯತ್ಯಾಸ ಮಾಡುವುದಿಲ್ಲ. ಎರಡು ತಿಂಗಳು ಗಾಯದಿಂದ ಕೂತವನ ಜೊತೆ ಹೋಲಿಸುವಾಗ ಬಹಳ ಮಾಡುತ್ತದೆ.

ಫೀಲ್ಡಿಂಗ್ ಅಂಕಿಗಳು ಅಳತೆಗೆ ಸುಲಭವಾಗಿ ಸಿಗುವಂಥವಲ್ಲ. ಒಂದೇ ಋತುವಿನ ಲೆಕ್ಕದಲ್ಲಿ 5 ರನ್ ಆಚೀಚೆ ಸಾಮಾನ್ಯ. ಅದಕ್ಕೇ ವಾರ್‌ನಲ್ಲಿ 1ಕ್ಕಿಂತ ಕಡಿಮೆ ಅಂತರವನ್ನು ಅಂತರವೆಂದೇ ಎಣಿಸಬಾರದು. 1ರಿಂದ 2 ಇದ್ದರೆ ಒಂದು ಕಡೆ ವಾಲಬಹುದು. 3 ದಾಟಿದರೆ ವಾದಕ್ಕೆ ಜಾಗ ಕಡಿಮೆ. ನಮ್ಮ ಹಾಳೆಯ ಲೆಕ್ಕದಲ್ಲಿ ಉಳಿದದ್ದು 10ರಿಂದ 20 ರನ್, ಅಂದರೆ ಒಂದರಿಂದ ಎರಡು ಗೆಲುವು, ಜಡ್ಜ್ ಕಡೆಗೆ. ನನ್ನ ಮತ ಅತ್ತ ವಾಲಿದ್ದು ಇದರಿಂದ.

ಇನ್ನು ನಿಮ್ಮ ವಾದಕ್ಕೆ ಬರೋಣ: "ಅವನಿಲ್ಲದಿದ್ದರೆ ನಾವು ಬರುತ್ತಿರಲಿಲ್ಲ." ಇದನ್ನು ಅಂಕಿಯಿಂದಲೇ ಪರೀಕ್ಷಿಸಬಹುದು. 2025ರಲ್ಲಿ ಅಮೆರಿಕನ್ ಲೀಗಿನ ಪ್ಲೇಆಫ್ ಹೊಸ್ತಿಲು 87 ಗೆಲುವು. ಡೆಟ್ರಾಯಿಟ್, ಹ್ಯೂಸ್ಟನ್ ಎರಡೂ 87ಕ್ಕೆ ಬಂದು ನಿಂತವು. ಪರಸ್ಪರ ಆಡಿದ ಪಂದ್ಯಗಳ ಲೆಕ್ಕದಲ್ಲಿ ಡೆಟ್ರಾಯಿಟ್ ಒಳಗೆ, ಹ್ಯೂಸ್ಟನ್ ಹೊರಗೆ. ಮ್ಯಾರಿನರ್ಸ್ ಗೆದ್ದದ್ದು 90. ರಾಲೀಯ 9 ತೆಗೆದರೆ 81, ಹೊರಗೆ. ನಿಮ್ಮ ಮಾತು ನಿಜ. ಆದರೆ ಯಾಂಕೀಸ್ ಗೆದ್ದದ್ದು 94. ಜಡ್ಜ್‌ನ 10 ತೆಗೆದರೆ 84, ಅವರೂ ಹೊರಗೆ! ನಿಮ್ಮ ವಾದ ಸರಿ ಇದ್ದೂ ಜಡ್ಜ್‌ರನ್ನು ಸೋಲಿಸುವುದಿಲ್ಲ, ಯಾಕೆಂದರೆ ಅದು ಇಬ್ಬರಿಗೂ ಸಮನಾಗಿ ಅನ್ವಯಿಸುತ್ತದೆ.

ಹೊಸ್ತಿಲಿನ ಮಾತಲ್ಲಿ ಒಂದು ಸತ್ಯ ಮಾತ್ರ ಅಡಗಿದೆ, ಅದನ್ನು ಅಂಕಿಪ್ರಿಯರು ಕಡೆಗಣಿಸಬಾರದು. ಎಲ್ಲ ಗೆಲುವುಗಳಿಗೂ ಒಂದೇ ಬೆಲೆಯಿಲ್ಲ. ತಂಡ 70ರಿಂದ 71ಕ್ಕೆ ಏರಿದರೆ ಅಕ್ಟೋಬರ್‌ನಲ್ಲಿ ಏನೂ ಬದಲಾಗುವುದಿಲ್ಲ. 86ರಿಂದ 88ಕ್ಕೆ ಏರಿದರೆ ಇಡೀ ಊರಿನ ಶರತ್ಕಾಲವೇ ಬದಲಾಗುತ್ತದೆ. ಹ್ಯೂಸ್ಟನ್ ಅಭಿಮಾನಿಯನ್ನು ಕೇಳಿ, ಇನ್ನೊಂದೇ ಗೆಲುವಿಗೆ ಎಷ್ಟು ಕೊಡುತ್ತಿದ್ದಿರಿ ಎಂದು. ಯಾಂಕೀಸ್ ಕೂಡ ಇಂಥದೇ ತುದಿಯಲ್ಲಿದ್ದರು. ಟೊರಾಂಟೊ ಕೂಡ 94, ಪರಸ್ಪರ ಪಂದ್ಯಗಳಲ್ಲಿ ಟೊರಾಂಟೊ 8–5 ಮುಂದಿದ್ದುದರಿಂದ ವಿಭಾಗವೂ ಮೊದಲ ಸುತ್ತಿನ ವಿರಾಮವೂ ಅವರ ಪಾಲಾಯಿತು. ಮೊದಲಿನಂತೆ ಸಮಬಲ ಮುರಿಯಲು 163ನೇ ಪಂದ್ಯ ಆಡಿಸುವ ಪದ್ಧತಿ 2022ರಿಂದ ಇಲ್ಲ. ಹಾಗಾಗಿ ಏಪ್ರಿಲ್‌ನಲ್ಲಿ ಯಾರೂ ಗಮನಿಸದ ಒಂದು ಸೋಲು ಸೆಪ್ಟೆಂಬರ್ ಕೊನೆಗೆ ಬಡ್ಡಿ ಸಮೇತ ಬಂದು ನಿಲ್ಲುತ್ತದೆ.

ಇದರಿಂದಲೇ, "ಸೆಪ್ಟೆಂಬರ್‌ನಲ್ಲಿ ಯಾರು ಹೊಡೆದರು ಅನ್ನುವುದೇ ಮುಖ್ಯ" ಅನ್ನುವ ವಾದವನ್ನು ನಾನು ಒಪ್ಪುವುದಿಲ್ಲ. ಅಂಕಪಟ್ಟಿಯಲ್ಲಿ ಏಪ್ರಿಲ್ ಗೆಲುವೂ ಒಂದೇ, ಸೆಪ್ಟೆಂಬರ್ ಗೆಲುವೂ ಒಂದೇ. ಸೆಪ್ಟೆಂಬರ್ 19ರಿಂದ 21ರವರೆಗೆ ಮ್ಯಾರಿನರ್ಸ್ ಹ್ಯೂಸ್ಟನ್‌ಗೇ ಹೋಗಿ ಮೂರಕ್ಕೆ ಮೂರೂ ಗೆದ್ದು ಬಂದದ್ದು, 24ರ ರಾತ್ರಿ ಕೊಲರಾಡೊ ವಿರುದ್ಧ ರಾಲೀ ಎರಡು ಹೋಮ್ ರನ್ ಹೊಡೆದು 60 ಮುಟ್ಟಿದ್ದು, ಅದೇ ರಾತ್ರಿ ವಿಭಾಗ ಖಚಿತವಾದದ್ದು, ಇವೆಲ್ಲ ಮನಸ್ಸಿನಲ್ಲಿ ಉಳಿಯುವಂಥವು, ಉಳಿಯಲೂಬೇಕು. 1961ರಲ್ಲಿ ಮಿಕ್ಕಿ ಮ್ಯಾಂಟಲ್ ಎರಡೂ ಕೈಗಳಲ್ಲಿ ಆಡುವ ಬ್ಯಾಟರ್ ಆಗಿ ನೆಟ್ಟ 54ರ ದಾಖಲೆ, ಸಾಲ್ವಡಾರ್ ಪೆರೆಜ್ 2021ರಲ್ಲಿ ಕ್ಯಾಚರ್ ಆಗಿ ನೆಟ್ಟ 48ರ ದಾಖಲೆ, ಕೆನ್ ಗ್ರಿಫಿ ಜೂನಿಯರ್ ಸಿಯಾಟಲ್‌ಗೆ ಬಿಟ್ಟುಹೋದ 56, ಮೂರೂ ಒಂದೇ ಋತುವಿನಲ್ಲಿ ಮುರಿದವು. ಆದರೆ ಹ್ಯೂಸ್ಟನ್‌ಗಿಂತ ಕೊನೆಗೆ ಉಳಿದದ್ದು 3 ಗೆಲುವಿನ ಅಂತರ. ಆ ಮೂರರಲ್ಲಿ ಎಷ್ಟು ಮೇ, ಜೂನ್‌ನ ಹೋಮ್ ರನ್‌ಗಳಿಂದ ಬಂದವೋ, ಅವೂ ಅಷ್ಟೇ ತೂಕದವು.

ಸೆಪ್ಟೆಂಬರ್ ಅಂಕಿಯನ್ನು ನೆಚ್ಚುವುದರಲ್ಲಿ ಇನ್ನೊಂದು ಅಪಾಯ ಬರೀ ಅದೃಷ್ಟದ್ದು. ತಿಂಗಳಲ್ಲಿ ಸುಮಾರು 100 ಅಧಿಕೃತ ಸರದಿ. ನಿಜವಾದ ಸಾಮರ್ಥ್ಯ .270 (ನೂರು ಸರದಿಗೆ 27 ಹಿಟ್) ಇರುವ ಬ್ಯಾಟರ್‌ಗೆ 100 ಸರದಿಯಲ್ಲಿ ಸಹಜ ಏರಿಳಿತ .044ರಷ್ಟು. ಅಂದರೆ ಮೂರು ತಿಂಗಳಲ್ಲಿ ಒಂದು ತಿಂಗಳು ಅವನ ಸರಾಸರಿ .226ಕ್ಕಿಂತ ಕೆಳಗೋ .314ಕ್ಕಿಂತ ಮೇಲೋ ಇರುತ್ತದೆ, ಅವನ ಆಟದಲ್ಲಿ ಏನೂ ಬದಲಾಗದಿದ್ದರೂ. ಅದು ಸೆಪ್ಟೆಂಬರೇ ಆದರೆ ನಾವು ಅದಕ್ಕೆ ಗಟ್ಟಿ ಎದೆ ಎಂದೋ ಅಳ್ಳೆದೆ ಎಂದೋ ಹೆಸರಿಡುತ್ತೇವೆ.

ಈ ತಪ್ಪು ದೊಡ್ಡ ಪ್ರಮಾಣದಲ್ಲಿ ಆದದ್ದು 2012ರಲ್ಲಿ, ಅದನ್ನು ತಿಳಿಯದೆ ಈ ಚರ್ಚೆ ಪೂರ್ತಿಯಾಗುವುದಿಲ್ಲ. ಡೆಟ್ರಾಯಿಟ್‌ನ ಮಿಗೆಲ್ ಕಬ್ರೇರಾ .330 ಸರಾಸರಿ, 44 ಹೋಮ್ ರನ್, 139 ಆರ್‌ಬಿಐ ಗಳಿಸಿ ಮೂರರಲ್ಲೂ ಮೊದಲಿಗರಾಗಿ ತ್ರಿವಳಿ ಕಿರೀಟ ಗೆದ್ದರು. 1967ರಲ್ಲಿ ಕಾರ್ಲ್ ಯಾಸ್ಟ್ರೆಮ್‌ಸ್ಕಿ ಬಳಿಕ ಅದನ್ನು ಯಾರೂ ಮಾಡಿರಲಿಲ್ಲ. ಏಂಜಲ್ಸ್‌ನ ಮೈಕ್ ಟ್ರೌಟ್ ಆಗಿನ್ನೂ ಮೊದಲ ಪೂರ್ಣ ಋತು ಆಡುತ್ತಿದ್ದ ಹುಡುಗ: .326, 30 ಹೋಮ್ ರನ್, 83 ಆರ್‌ಬಿಐ, 129 ಸಲ ಮನೆ ಮುಟ್ಟಿದ್ದು, 49 ಬೇಸ್ ಕಳವು. ಕಬ್ರೇರಾ 362–281 ಅಂಕಗಳಿಂದ, 28ರಲ್ಲಿ 22 ಮೊದಲ ಮತ ಪಡೆದು ಗೆದ್ದರು. ಅವರ ಪರ ಕೇಳಿದ ದೊಡ್ಡ ದನಿ ಎರಡು: ಅವರ ತಂಡ ಪ್ಲೇಆಫ್‌ಗೆ ಬಂತು, ಸೆಪ್ಟೆಂಬರ್‌ನಿಂದಾಚೆ ಅವರು 11 ಹೋಮ್ ರನ್ ಹೊಡೆದರು.

ಆದರೆ ಡೆಟ್ರಾಯಿಟ್ ಗೆದ್ದದ್ದು 88 ಪಂದ್ಯ, ಏಂಜಲ್ಸ್ 89. ಹೆಚ್ಚು ಗೆದ್ದವರು ಹೊರಗುಳಿದದ್ದು ಅವರ ವಿಭಾಗದಲ್ಲಿ ಓಕ್ಲಂಡ್ 94, ಟೆಕ್ಸಾಸ್ 93 ಗೆದ್ದಿದ್ದರಿಂದ. ಡೆಟ್ರಾಯಿಟ್ ಎದುರಿಗಿದ್ದ ಶಿಕಾಗೊ ವೈಟ್ ಸಾಕ್ಸ್ 85ಕ್ಕೆ ಕುಸಿದಿತ್ತು. ಪಕ್ಕದ ತಂಡಗಳ ಬಲಾಬಲವನ್ನು ಟ್ರೌಟ್ ತಲೆಗೆ ಕಟ್ಟಿದಂತಾಯಿತು. ಅವರನ್ನು ಏಪ್ರಿಲ್ 28ರಂದು ಕರೆತರುವಾಗ ಏಂಜಲ್ಸ್ 6 ಗೆದ್ದು 14 ಸೋತಿತ್ತು. ಅಲ್ಲಿಂದಾಚೆ 83 ಗೆದ್ದು 59 ಸೋತಿತು. ಬೇಸ್ ಮೇಲಿನ ಓಟವನ್ನೂ ಎಣಿಸಿ ನೋಡಿ: ಕದ್ದ ಬೇಸ್‌ಗೆ 0.2, ಸಿಕ್ಕಿಬಿದ್ದರೆ 0.4 ಕಳೆಯುವ ಲೆಕ್ಕದಲ್ಲಿ 49 ಕಳವು, 5 ಸಿಕ್ಕಿಬಿದ್ದದ್ದು ಸೇರಿ ಸುಮಾರು 8 ರನ್. ಅತ್ತ ಕಬ್ರೇರಾ 28 ಸಲ ಡಬಲ್ ಪ್ಲೇಗೆ (ಒಂದೇ ಹೊಡೆತಕ್ಕೆ ಇಬ್ಬರು ಔಟ್) ಬಲಿಯಾದರು, ಟ್ರೌಟ್ 7 ಸಲ. ತ್ರಿವಳಿ ಕಿರೀಟದ ಮೂರು ಸಾಲಿನಲ್ಲಿ ಇದ್ಯಾವುದೂ ಇಲ್ಲ. ವಾರ್ ಅಂತರ 3ರ ಆಸುಪಾಸು. ಅದು ಟ್ರೌಟ್‌ಗೆ ಸಲ್ಲಬೇಕಿದ್ದ ಪ್ರಶಸ್ತಿ, ಇದರಲ್ಲಿ ನನಗೆ ಅನುಮಾನವಿಲ್ಲ. ಕಬ್ರೇರಾ ಪರ ಒಂದು ಮಾತು ಮಾತ್ರ ಹೇಳಲೇಬೇಕು: ಸಹ ಆಟಗಾರ ಪ್ರಿನ್ಸ್ ಫೀಲ್ಡರ್‌ಗೆ ಮೊದಲ ಬೇಸ್ ಬಿಟ್ಟುಕೊಟ್ಟು ಅವರು ಮೂರನೇ ಬೇಸ್‌ಗೆ ಸರಿದರು. ದ್ರಾವಿಡ್ ಕೈಗವಸಿನ ಕಥೆಯೇ ಅದು, ಅದಕ್ಕೆ ವಾರ್ ಪೂರ್ತಿ ಅಂಕ ಕೊಡುವುದಿಲ್ಲ.

"ಯಾವಾಗ ಹೊಡೆದ" ಅನ್ನುವುದನ್ನು ಅಳೆಯಲೇಬೇಕೆಂದಿದ್ದರೆ ತಿಂಗಳ ಬದಲು ಪಂದ್ಯದೊಳಗಿನ ಕ್ಷಣ ನೋಡಿ. ಅದಕ್ಕೆ ಗೆಲುವಿನ ಸಾಧ್ಯತೆಯ ಲೆಕ್ಕವಿದೆ. ತವರಿನಲ್ಲಿ ಒಂಬತ್ತನೇ ಇನಿಂಗ್ಸ್‌ನ ಕೊನೆಯರ್ಧ, ಸ್ಕೋರ್ ಸಮ, ಇಬ್ಬರು ಔಟ್, ಬೇಸ್ ಖಾಲಿ: ತವರು ತಂಡದ ಗೆಲುವಿನ ಸಾಧ್ಯತೆ ಸುಮಾರು ಶೇ 53. ಹೋಮ್ ರನ್ ಬಿತ್ತೋ, ಶೇ 100. ಬ್ಯಾಟರ್ ಖಾತೆಗೆ 0.47 ಗೆಲುವು. ಅದೇ ಹೋಮ್ ರನ್ 8–0 ಮುಂದಿರುವಾಗ ಬಂದರೆ ಖಾತೆಗೆ ಬರುವುದು ಸೊನ್ನೆಗೆ ಹತ್ತಿರ. ಋತುವಿನ ಕೊನೆಗೆ ಎಲ್ಲ ಕೂಡಿದರೆ ಆದದ್ದರ ಕಥೆ ಸಿಗುತ್ತದೆ. ಇದು ಪ್ರಶಸ್ತಿಯ ಚರ್ಚೆಗೆ ಒಗ್ಗುವ ಅಳತೆಯೇ, ಯಾಕೆಂದರೆ ಪ್ರಶಸ್ತಿ ಆದದ್ದಕ್ಕೆ ಕೊಡುವಂಥದು. ಆದರೆ ಮುಂದಿನ ವರ್ಷವೂ ಅವನು ಇಂಥ ಕ್ಷಣದಲ್ಲೇ ಹೊಡೆಯುತ್ತಾನೆ ಎಂದು ಇದನ್ನಿಟ್ಟುಕೊಂಡು ಪಣ ಕಟ್ಟಬೇಡಿ. ಬಿಕ್ಕಟ್ಟಿನ ಗಳಿಗೆಯ ಸಾಧನೆ ವರ್ಷದಿಂದ ವರ್ಷಕ್ಕೆ ಬಹುತೇಕ ಉಳಿಯುವುದಿಲ್ಲ. ಕ್ಯಾಚರ್ ಗ್ಲವ್‌ನಿಂದ ಉಳಿಸಿದ ರನ್ನೂ ಇದರಲ್ಲಿ ಕಾಣುವುದಿಲ್ಲ. ಅದೆಲ್ಲ ಪಿಚರ್ ಖಾತೆಗೆ ಹೋಗುತ್ತದೆ.

ಅಕ್ಟೋಬರ್ ಆಟವನ್ನು ಈ ವಾದಕ್ಕೆ ಎಳೆಯಬೇಡಿ. ಮ್ಯಾರಿನರ್ಸ್ ಲೀಗ್ ಫೈನಲ್‌ನ ಏಳನೇ ಪಂದ್ಯದವರೆಗೂ ಹೋಗಿ ಟೊರಾಂಟೊಗೆ ಸೋತರು, ವರ್ಲ್ಡ್ ಸೀರೀಸ್ ಕಾಣದ ಏಕೈಕ ತಂಡವಾಗಿ ಉಳಿದರು. ಅದರ ನೋವು ಬೇರೆ. ಮತಪತ್ರಗಳು ಪ್ಲೇಆಫ್ ಶುರುವಾಗುವ ಮೊದಲೇ ಸೇರಿಬಿಟ್ಟಿರುತ್ತವೆ.

ಮುಂದಿನ ಸೆಪ್ಟೆಂಬರ್‌ಗೆ ಹಾಳೆ ಹಾಕುವಾಗ ಒಂದು ಬದಲಾವಣೆ ಗಮನದಲ್ಲಿರಲಿ. 2026ರಿಂದ ಮೇಜರ್ ಲೀಗ್‌ನಲ್ಲಿ ಬಾಲ್–ಸ್ಟ್ರೈಕ್ ತೀರ್ಪನ್ನು ಯಂತ್ರದ ಮುಂದೆ ಪ್ರಶ್ನಿಸುವ ಅವಕಾಶ ಬಂದಿದೆ. ತಂಡಕ್ಕೆ ಎರಡು ಸವಾಲು. ಗೆದ್ದರೆ ಸವಾಲು ಉಳಿಯುತ್ತದೆ, ಸೋತರೆ ಹೋಗುತ್ತದೆ. ಕೇಳಬಹುದಾದವರು ಬ್ಯಾಟರ್, ಪಿಚರ್, ಕ್ಯಾಚರ್ ಮೂವರೇ, ಅದೂ ತಕ್ಷಣ, ಡಗ್‌ಔಟ್ ಕಡೆ ನೋಡದೆ. ಇದರಿಂದ ಗ್ಲವ್ ಗಿಟ್ಟಿಸಿಕೊಟ್ಟ ಸ್ಟ್ರೈಕ್‌ಗಳಲ್ಲಿ ಕೆಲವನ್ನು ಬ್ಯಾಟರ್ ವಾಪಸ್ ಪಡೆಯಬಹುದು, ಹಾಗಾಗಿ ಫ್ರೇಮಿಂಗ್ ಬಾಬ್ತಿನ 10 ರನ್ ಸ್ವಲ್ಪ ಕರಗುತ್ತದೆ. ಅದರ ಜೊತೆಗೇ, ಯಾವ ಚೆಂಡಿಗೆ ಸವಾಲು ಹಾಕಬೇಕು ಅನ್ನುವ ಹೊಸ ಕೆಲಸವೊಂದು ಕ್ಯಾಚರ್ ಪಾಲಿಗೆ ಬಂದಿದೆ. ಪ್ರತಿ ಕ್ಯಾಚರ್ ಎಷ್ಟು ಸವಾಲು ಹಾಕಿದ, ಎಷ್ಟು ಗೆದ್ದ ಅನ್ನುವ ಲೆಕ್ಕಕ್ಕೆ ನಿಮ್ಮ ಹಾಳೆಯಲ್ಲಿ ಒಂದು ಸಾಲು ಬಿಡಿ, ಗೆದ್ದ ಪ್ರತಿಯೊಂದಕ್ಕೂ ಮೇಲಿನದೇ 0.125ರ ತೂಕ ಹಾಕಿ.